ಬೋರ್‌ವೆಲ್ ನೀರು ಕುಡಿದ ಬೋಟಿನ ಇಂಜಿನ್

ಸೋಂಪುರದ ನಮ್ಮ ಶೆಡ್ಡಿನ ಮುಂದೆ ಟೆಂಪೊ ನಿಂತು ಟಾರ್ಪಾಲು ಬಿಚ್ಚಿದಾಗ ಪಕ್ಕದ ವೆಲ್ಡಿಂಗ್ ಶೆಡ್ಡಿನವರೂ ಕೆಲಸ ಬಿಟ್ಟು ಬಂದು ನಿಂತರು. ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್. ನೆತ್ತಿಯ ಮೇಲೆ ಬೆಳ್ಳಗೆ ಹೊಳೆಯುವ ಸೂಪರ್‌ಚಾರ್ಜರ್.

"ಇದ್ಯಾವ ಲಾರೀದಮ್ಮಾ?" ಎಂದು ಒಬ್ಬರು ನನ್ನನ್ನು ಕೇಳಿದರು.

"ಲಾರೀದಲ್ಲಣ್ಣ, ಬೋಟಿಂದು. ಸಮುದ್ರದಲ್ಲಿ ಓಡೋದು."

"ನಮ್ ಕಡೆ ಎಮ್ಮೆ ಮುಳುಗೋಷ್ಟು ನೀರಿಲ್ಲ, ಬೋಟಿನ ಇಂಜಿನ್ ತಂದವ್ರೆ ನೋಡ್ರಪ್ಪ" ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಲಾರಿ, ಜನರೇಟರ್, ಬೋರ್ ಕೊರೆಯುವ ಗಾಡಿಯ ಇಂಜಿನ್ನುಗಳನ್ನು ಬಿಚ್ಚಿ ಕಟ್ಟುವ ನಮ್ಮ ಶೆಡ್ಡಿಗೆ ಇಂಥದ್ದು ಬಂದಿರಲೇ ಇಲ್ಲ. ಕಟ್ಟಿದ ಇಂಜಿನ್ನನ್ನು ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಕೂರಿಸಿ, ಭಾರ ಕೊಟ್ಟು ಓಡಿಸಿ, ಅದರ ಬಂಡವಾಳ ಎಷ್ಟು ಎಂದು ನೋಡುವುದು ನನ್ನ ಕೆಲಸ. ಇಂಥ ಇಂಜಿನ್ನಿಗೆ ಥ್ರಾಟಲ್ ಎಳೆಯುವ ಅವಕಾಶ ಸಿಕ್ಕಿದರೆ ಯಾರಿಗೆ ಬೇಡ?

ಅದರ ಜೊತೆ ಟೆಂಪೊದಿಂದ ಒಬ್ಬರು ಇಳಿದರು, ಆ ಬೋಟ್ ಓಡಿಸುವವರು. ಉಡುಪಿ ಕಡೆಯವರು, ನನ್ನದೇ ವಯಸ್ಸು. ಇಂಜಿನ್ನನ್ನು ಕ್ರೇನಿನಿಂದ ಇಳಿಸುವಾಗ ನಾವೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಅವರು ದೂರವೇ ನಿಂತಿದ್ದರು.

"ಮೂರು ಸಲ ನಿಂತಿದೆ ಮೇಡಂ ಇದು, ನಡು ಸಮುದ್ರದಲ್ಲಿ" ಎಂದರು. "ಮೂರನೇ ಸಲ ಗಾಳಿ ನಮ್ಮನ್ನು ಬಂಡೆ ಕಡೆಗೆ ದೂಡ್ತಾ ಇತ್ತು. ಮೀನಿನ ಬೋಟಿನವರು ಹಗ್ಗ ಬಿಸಾಡದಿದ್ರೆ ನಾನು ಇವತ್ತು ಇಲ್ಲಿ ಇರ್ತಿರ್ಲಿಲ್ಲ. ನಂಗೆ ಸ್ಪೀಡ್ ಎಂತ ಬೇಡ ಮಾರಾಯ್ರೆ. ಹೋದದ್ದು ವಾಪಸ್ ಬರ್ಬೇಕು, ಅಷ್ಟೇ."

ಬೋಟಿನ ಮಾಲೀಕರಿಗೆ ಸ್ಪೀಡೇ ಬೇಕಿತ್ತು. ಬೆಂಗಳೂರಿನಲ್ಲಿ ವ್ಯಾಪಾರ, ಕರಾವಳಿಯಲ್ಲಿ ಬೋಟು. ಇಂಜಿನ್ನಿಗೆ ಏಳುನೂರು ಕುದುರೆಶಕ್ತಿ ಎಂದು ಯಾರೋ ಹೇಳಿದ್ದನ್ನು ನಂಬಿ ಬೋಟಿನ ಪಕ್ಕೆಗೆ ಆ ಅಂಕಿಯನ್ನೇ ದೊಡ್ಡದಾಗಿ ಬರೆಸಿದ್ದರು. ಸ್ಪೀಕರ್ ಹಾಕಿದ ಫೋನಿನಲ್ಲಿ ಅವರು ಹೇಳಿದ ಷರತ್ತು ಸರಳವಾಗಿತ್ತು. ಏಳುನೂರು ಕೊಡಬೇಕು, ಪೂರ್ತಿ ಭಾರದಲ್ಲಿ ಒಂದು ಗಂಟೆ ನಿಲ್ಲದೆ ಓಡಬೇಕು. ಈ ಸಲವೂ ಕೈಕೊಟ್ಟರೆ ಬೋಟನ್ನೇ ಮಾರಿಬಿಡುತ್ತೇನೆ ಎಂದರು. ಆ ಮಾತು ಕೇಳುತ್ತಿದ್ದ ಬೋಟಿನವರ ಮುಖ ಸಣ್ಣದಾಯಿತು. ಅವರಿಗೆ ಅದೇ ಕೆಲಸ, ಅದೇ ಅನ್ನ.

ಬಿಚ್ಚಲು ಕೂತೆವು. ನಮ್ಮ ಶೆಡ್ಡಿನ ಯಜಮಾನರದ್ದು ಒಂದು ಪದ್ಧತಿ. ಇಂಜಿನ್ ಬಿಚ್ಚುವಾಗ ಯಾರೂ ಕಾರಣ ಹೇಳಬಾರದು, ಎಲ್ಲ ಭಾಗವೂ ಮೇಜಿನ ಮೇಲೆ ಬಂದಮೇಲೇ ಬಾಯಿ ಬಿಡಬೇಕು. ನನಗೆ ಇದು ಪ್ರಾಣಸಂಕಟ. ಸ್ಪಾರ್ಕ್ ಪ್ಲಗ್ ಕೈಗೆ ಬಂದಾಗಲೇ ಅದರ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕಿಗಳು ಕಂಡಿದ್ದವು. ಪಿಸ್ಟನ್ ಕರಗಿ ಹಾರಿದ ಚೂರುಗಳವು. ಬಾಯಿ ಕಚ್ಚಿಕೊಂಡೆ. ಹೆಡ್ ತೆಗೆದೆವು, ಪಿಸ್ಟನ್ ಹೊರಗೆ ಬಂತು. ಎರಡರಲ್ಲಿ ರಿಂಗ್ ಕೂರುವ ಅಂಚೇ ಮುರಿದಿತ್ತು. ಬೇರಿಂಗುಗಳು ಸವೆದು ತಾಮ್ರ ಕಾಣುತ್ತಿತ್ತು.

"ಈಗ ಹೇಳಮ್ಮ, ಹೊಟ್ಟೆ ಉಬ್ಬರಿಸ್ತಾ ಐತೆ ನಿಂಗೆ" ಎಂದರು ಯಜಮಾನರು.

"ನಾಕಿಂಗ್ ಅಣ್ಣ."

ಸಿಲಿಂಡರಿನೊಳಗೆ ಪೆಟ್ರೋಲು ಬೆಂಕಿ ಹೊತ್ತಿ ಹದವಾಗಿ ಉರಿಯಬೇಕು. ಒಳಗೆ ಹೋಗುವ ಗಾಳಿ ವಿಪರೀತ ಬಿಸಿಯಿದ್ದರೆ ಪೆಟ್ರೋಲು ಸರದಿಗೆ ಕಾಯದೆ ಸಿಡಿಯುತ್ತದೆ. ಪ್ರತಿ ಸಿಡಿತವೂ ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಏಟು. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ನೂಕುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಲೆಂದೇ ಇಂಟರ್‌ಕೂಲರ್ ಎಂಬ ಪೆಟ್ಟಿಗೆ ಇದೆ. ಅದರ ಸಣ್ಣ ಕೊಳವೆಗಳಲ್ಲಿ ಹೊರಗಿನ ನೀರು ಹರಿಯುತ್ತದೆ. ಬೋಟಿನಲ್ಲಾದರೆ ಸಮುದ್ರದ ನೀರು. ಆ ಪೆಟ್ಟಿಗೆ ಬಿಚ್ಚಿದರೆ ಕೊಳವೆಗಳ ತುಂಬ ಉಪ್ಪು, ಚಿಪ್ಪಿನ ಚೂರು. ಹಿಂದೆ ರಿಪೇರಿ ಮಾಡಿದವರು ಪ್ರತಿ ಸಲವೂ ಪಿಸ್ಟನ್ ಬದಲಿಸಿ ಕಳಿಸಿದ್ದರೇ ಹೊರತು ಇದನ್ನು ಬಿಚ್ಚಿರಲೇ ಇಲ್ಲ. ಕಳ್ಳ ಸಿಕ್ಕಿಬಿದ್ದ ಎಂದು ನಾವು ಬೀಗಿದೆವು. ಪೆಟ್ಟಿಗೆಯನ್ನು ತೊಳೆದು ಫಳಫಳ ಹೊಳೆಯುವಂತೆ ಮಾಡಿದೆವು.

ಕಟ್ಟುವ ಕೆಲಸ ನನಗೆ ಹಬ್ಬ. ಇಂಜಿನ್ನಿನ ಒಡಲಾದ ಬ್ಲಾಕನ್ನು ಸಿಲಿಂಡರ್ ಕೊರೆಸಲು ಕಳಿಸಿ ತರಿಸಿದೆವು, ಹೊರದೇಶದಿಂದ ಬಂದ ಪಿಸ್ಟನ್ನುಗಳನ್ನು ಪೆಟ್ಟಿಗೆಯಿಂದ ಒಂದೊಂದೇ ತೆಗೆದು ತೂಗಿದೆವು. ರಿಂಗಿನ ತುದಿಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದರ ಮೇಲೆ ಯಜಮಾನರಿಗೂ ನನಗೂ ಜಟಾಪಟಿ ನಡೆಯಿತು.

"ಲಾರಿ ಇಂಜಿನಿಗೆ ಇಷ್ಟು ಗ್ಯಾಪ್ ಬಿಟ್ರೆ ಆಯಿಲ್ ಕುಡ್ಕೊಂಡು ಹೊಗೆ ಬಿಡ್ತಾ ಕೂತಿರ್ತದೆ ಕಣಮ್ಮ."

"ಇದು ಲಾರಿಗಿಂತ ಜಾಸ್ತಿ ಕಾಯುತ್ತೆ ಅಣ್ಣ. ರಿಂಗ್ ಉಬ್ಬಿದಾಗ ಜಾಗ ಇಲ್ದಿದ್ರೆ ತುದಿಗೆ ತುದಿ ತಗಲ್ಕೊಂಡು ಪಿಸ್ಟನ್ನನ್ನೇ ಮುರಿಯುತ್ತೆ."

ಅವರು ಗೊಣಗಿದರು, ಆದರೆ ಒಪ್ಪಿದರು. ಒಪ್ಪಿದ ಮೇಲೆ ಅವರಷ್ಟು ಶ್ರದ್ಧೆಯಿಂದ ಅರ ಹಿಡಿಯುವವರು ಯಾರೂ ಇಲ್ಲ. ಪ್ರತಿ ರಿಂಗನ್ನೂ ಉಜ್ಜಿ, ಸಿಲಿಂಡರಿಗೆ ಇಳಿಸಿ, ಅಳೆದು, ಮತ್ತೆ ತೆಗೆದು ಉಜ್ಜಿದರು. ಬೇರಿಂಗುಗಳ ಸಂದನ್ನು ನಾನು ಅಳೆದೆ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಮೂರು ಹಂತದಲ್ಲಿ ಬಿಗಿದೆವು. ಕೊನೆಗೆ ಯಜಮಾನರು ಸೂಪರ್‌ಚಾರ್ಜರಿನ ಹಣೆಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟರು.

ಅದು ಮೊದಲ ಸಲ ಸ್ಟಾರ್ಟ್ ಆದ ಗಳಿಗೆಯನ್ನು ನಾನು ಮರೆಯಲಾರೆ. ಡೀಸೆಲ್ ಇಂಜಿನ್ ಎದ್ದಾಗ ಕೆಮ್ಮುತ್ತದೆ, ಇದು ಗುಡುಗಿತು. ತಗಡಿನ ಸೂರು ಅದುರಿತು, ಕಾಫಿ ಲೋಟ ಮೇಜಿನ ಮೇಲೆ ತಾನೇ ನಡೆಯತೊಡಗಿತು. ಡೈನೋ ಕೋಣೆಯ ಗಾಜಿನ ಆಚೆ ನಿಂತಿದ್ದ ನನ್ನ ಮೈಯೆಲ್ಲ ಜುಮ್ಮೆಂದಿತು. ಒಂದೆರಡು ದಿನ ಮೆಲ್ಲಗೆ ಓಡಿಸಿ ಪಳಗಿಸಿದೆವು. ಆಮೇಲೆ ಪೂರ್ತಿ ಥ್ರಾಟಲ್ ಎಳೆದೆ. ಮುಳ್ಳು ಏಳುನೂರನ್ನು ದಾಟಿತು. ಯಜಮಾನರು ನನ್ನ ಬೆನ್ನಿಗೆ ಗುದ್ದಿದ ನೋವು ಮನೆಗೆ ಹೋದಮೇಲೆ ಗೊತ್ತಾಯಿತು.

ಉಳಿದದ್ದು ಒಂದು ಗಂಟೆಯ ಓಟ. ಅದಕ್ಕೆ ಮುಂಚೆ ಅರ್ಧಂಬರ್ಧ ಭಾರದಲ್ಲಿ ದಿನವೂ ಓಡಿಸುತ್ತ ಸಜ್ಜು ಮಾಡುತ್ತಿದ್ದೆವು. ಆಗಲೇ ತಂಟೆ ಶುರುವಾಯಿತು. ಇಂಟರ್‌ಕೂಲರಿನಿಂದ ಹೊರಬರುವ ಗಾಳಿಯ ಬಿಸಿ ನಿನ್ನೆಗಿಂತ ಇವತ್ತು ಸ್ವಲ್ಪ ಹೆಚ್ಚು, ಇವತ್ತಿಗಿಂತ ನಾಳೆ ಇನ್ನೂ ಸ್ವಲ್ಪ ಹೆಚ್ಚು. ಏಪ್ರಿಲ್ ಬಿಸಿಲು ಎಂದುಕೊಂಡೆವು. ಎರಡು ದೊಡ್ಡ ಫ್ಯಾನ್ ತಂದಿಟ್ಟೆವು. ಸೂರಿನ ಮೇಲೆ ಗೋಣಿಚೀಲ ಹಾಸಿ ನೀರು ಚಿಮುಕಿಸಿದೆವು. ಬಿಸಿ ಮಾತ್ರ ಏರುತ್ತಲೇ ಹೋಯಿತು.

ಆ ಗದ್ದಲದಲ್ಲಿ ನಾಕಿಂಗ್ ಶುರುವಾದರೂ ಬರಿಗಿವಿಗೆ ಕೇಳುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ತಾಮ್ರದ ಕೊಳವೆಯ ಒಂದು ತುದಿಯನ್ನು ಚಪ್ಪಟೆ ಬಡಿದು, ತೂತು ಕೊರೆದು, ಬ್ಲಾಕಿಗೆ ಬೋಲ್ಟ್ ಮಾಡುವುದು. ಇನ್ನೊಂದು ತುದಿಗೆ ಉದ್ದ ರಬ್ಬರ್ ಪೈಪು. ಆ ಪೈಪನ್ನು ಸದ್ದು ತಡೆಯುವ ಇಯರ್‌ಮಫ್ ಒಳಕ್ಕೆ ತೂರಿಸಿ ಕಿವಿಗೆ ಹಾಕಿಕೊಳ್ಳುವುದು. ಡಾಕ್ಟರು ಎದೆಗೆ ಇಟ್ಟು ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ನಮ್ಮ ಶೆಡ್ಡಿನಲ್ಲಿ ಇದನ್ನು ಹಾಕಿಕೊಂಡಾಗಲೆಲ್ಲ ನನ್ನನ್ನು "ಡಾಕ್ಟರಮ್ಮ" ಎಂದು ರೇಗಿಸುತ್ತಾರೆ.

ಒಂದು ಗಂಟೆಯ ಓಟ ನೋಡಲು ಬೋಟಿನವರು ಉಡುಪಿಯಿಂದ ಬಸ್ಸು ಹತ್ತಿ ಬಂದರು. ಓಟ ಅರ್ಧ ಮುಗಿದಿರಬೇಕು, ಕಿವಿಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಿಟಪಟ ಕೇಳಿತು. ತಕ್ಷಣ ಥ್ರಾಟಲ್ ಇಳಿಸಿ ಇಂಜಿನ್ ಆಫ್ ಮಾಡಿದೆ. ಪ್ಲಗ್ ಬಿಚ್ಚಿದರೆ ಮತ್ತೆ ಅದೇ ಹಾಳು ಚುಕ್ಕಿಗಳು. ಹೆಡ್ ತೆಗೆದಾಗ ಒಂದು ಪಿಸ್ಟನ್ನಿನ ಅಂಚು ಇಲಿ ಕಚ್ಚಿದಂತಾಗಿತ್ತು.

ಬೋಟಿನವರು ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಮೇಜಿನ ಮೇಲಿಟ್ಟು ಟೀ ಅಂಗಡಿಯ ಕಡೆ ಹೋದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸ್ಪ್ಯಾನರ್ ತಗೊಂಡು ಇಂಟರ್‌ಕೂಲರ್ ಬಿಚ್ಚಿದೆ. ಹೊಳೆಯುವಂತೆ ತೊಳೆದಿದ್ದ ಕೊಳವೆಗಳೊಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು.

ಯಜಮಾನರು ಉಗುರಿನಿಂದ ಕೆರೆದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಇದನ್ನು ಗುರುತಿಸಲು ಯಾರೂ ಓದಬೇಕಾಗಿಲ್ಲ. ಎಲ್ಲರ ಮನೆಯ ಗೀಸರಿನಲ್ಲಿ, ಸ್ನಾನದ ಬಕೆಟ್ಟಿನಲ್ಲಿ, ನಲ್ಲಿಯ ಬಾಯಲ್ಲಿ ಕೂರುವುದು ಇದೇ. ಪಾತಾಳದಿಂದ ಎತ್ತಿದ ಬೋರ್‌ವೆಲ್ ನೀರು.

ಡೈನೋ ಇಂಜಿನ್ನಿಗೆ ಭಾರ ಕೊಡುವುದು ನೀರಿನ ಮೂಲಕ. ಆ ನೀರೆಲ್ಲ ಹಿತ್ತಲಿನ ಸಂಪ್ ತೊಟ್ಟಿಗೆ ಬಂದು ಮತ್ತೆ ವಾಪಸ್ ಹೋಗುತ್ತದೆ. ಇಂಟರ್‌ಕೂಲರಿಗೂ ಅದೇ ತೊಟ್ಟಿಯ ನೀರನ್ನು ಕೊಟ್ಟಿದ್ದೆವು. ಕಾಯುತ್ತದೆ, ಆವಿಯಾಗುತ್ತದೆ, ನಾವು ಮೋಟಾರ್ ಹಾಕಿ ಮತ್ತೆ ತುಂಬುತ್ತೇವೆ. ಹೀಗೆ ಸುಣ್ಣದ ಅಂಶ ಮಾತ್ರ ಉಳಿದು ಮಂದವಾಗುತ್ತ ಹೋಗುತ್ತದೆ. ಲಾರಿ ಇಂಜಿನ್ನುಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಅವುಗಳ ಒಳಗೆ ಹರಿಯುವುದು ಅವುಗಳದ್ದೇ ಮುಚ್ಚಿದ ಕೂಲಂಟ್. ಹೊರಗಿನ ನೀರನ್ನು ನೇರವಾಗಿ ಕುಡಿಯುವ ಇಂಜಿನ್ ನಮ್ಮಲ್ಲಿಗೆ ಬಂದದ್ದು ಇದೇ ಮೊದಲು. ಸಮುದ್ರದ ಉಪ್ಪನ್ನು ಬೈಯುತ್ತ ಕೂತ ನಾವು ನಮ್ಮ ನೀರನ್ನು ಮರೆತಿದ್ದೆವು.

"ಅಲ್ಲಮ್ಮ, ನಾವು ಕುಡಿಯಾಕೆ ಕ್ಯಾನ್ ನೀರು ತರುಸ್ತೀವಿ, ಇದುಕ್ಕೆ ಬೋರ್ ನೀರು ಕುಡುಸಿದ್ವಲ್ಲ" ಎಂದರು ಯಜಮಾನರು. ಅಳು ಬರುತ್ತಿದ್ದವಳಿಗೆ ನಗು ಬಂತು.

ನಮ್ಮ ಅಕ್ಕನ ಗಂಡ ದೊಡ್ಡಬಳ್ಳಾಪುರದಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ನೀರನ್ನು ಮೆದು ಮಾಡುವ ಯಂತ್ರವಿದೆ ಎಂಬುದು ನೆನಪಾಗಿ ಭಾವನಿಗೆ ಫೋನ್ ಮಾಡಿದೆ.

"ಏನಮ್ಮ ಇಂಜಿನಿಯರಮ್ಮ, ಬೋರ್ ನೀರಲ್ಲಿ ಅದ್ದಿದ್ರೆ ನೂಲಿಗೆ ಬಣ್ಣಾನೇ ಹಿಡಿಯಲ್ಲ ಅಂತ ನಾವು ಮುಟ್ಟಲ್ಲ. ನೀವು ಅಂಥಾ ಇಂಜಿನಿಗೆ ಹಾಕ್ಬುಟ್ರಾ?" ಎಂದು ಚೆನ್ನಾಗಿ ಆಡಿಕೊಂಡರು. ಆಡಿಕೊಂಡು ಮುಗಿದ ಮೇಲೆ ಅವರ ಮಾಲೀಕರನ್ನು ಕೇಳಿ ಟ್ಯಾಂಕರ್ ನೀರು ಕಳಿಸಿದರು.

ಸಂಪು ತೊಳೆದು ಮೆದು ನೀರು ತುಂಬಿದೆವು. ನಿಂಬೆ ಉಪ್ಪು ಕಲಸಿದ ಬಿಸಿನೀರನ್ನು ಇಂಟರ್‌ಕೂಲರಿನಲ್ಲಿ ಸುತ್ತಿಸಿ ಸುತ್ತಿಸಿ ಸುಣ್ಣ ಬಿಡಿಸಿದೆವು. ಹೆಚ್ಚುವರಿಯಾಗಿ ತರಿಸಿದ್ದ ಪಿಸ್ಟನ್ ಹಾಕಿ ಮತ್ತೆ ಕಟ್ಟಿದೆವು. ಈ ಸಲ ಗಾಳಿಯ ಬಿಸಿ ಅಲುಗಾಡಲಿಲ್ಲ. ಪೂರ್ತಿ ಭಾರ, ಏಳುನೂರು, ಒಂದು ಗಂಟೆ. ಕಿವಿಯಲ್ಲಿ ಒಂದೇ ಒಂದು ಸಾಸಿವೆಯೂ ಸಿಡಿಯಲಿಲ್ಲ. ಇಂಜಿನ್ ಆಫ್ ಮಾಡಿದಾಗ ಶೆಡ್ಡಿನವರೆಲ್ಲ ಶಿಳ್ಳೆ ಹೊಡೆದರು, ಯಜಮಾನರು ಮೈಸೂರ್ ಪಾಕ್ ತರಿಸಿದರು. ಬೋಟಿನ ಮಾಲೀಕರು ಫೋನಿನಲ್ಲಿ ನಾಳೆಯೇ ಬಂದು ಒಯ್ಯುತ್ತೇನೆ ಎಂದರು.

ಎಲ್ಲರೂ ಸಿಹಿ ತಿನ್ನುತ್ತಿರುವಾಗ ಬೋಟಿನವರು ನನ್ನ ಹತ್ತಿರ ಬಂದರು. "ಮೇಡಂ, ಇನ್ನು ನಿಲ್ಲುದಿಲ್ಲ ಅಲ್ವಾ ಇದು?"

ಇಲ್ಲ ಎನ್ನಲು ಬಾಯಿ ತೆರೆದೆ. ಕೊಳವೆಗಳ ಆ ಬಿಳಿ ಪದರ ಕಣ್ಣ ಮುಂದೆ ಬಂತು. ನಮ್ಮ ನೀರು ಕೆಲವೇ ದಿನಗಳಲ್ಲಿ ಮಾಡಿದ್ದನ್ನು ಸಮುದ್ರ ಕೆಲವು ತಿಂಗಳಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಅಲ್ಲಿ ಟ್ಯಾಂಕರ್ ಬರುವುದಿಲ್ಲ, ನಿಂಬೆ ಉಪ್ಪು ಹಿಡಿದು ನಿಂತ ಯಜಮಾನರೂ ಇರುವುದಿಲ್ಲ. ಕೊಳವೆ ಅರ್ಧ ಕಟ್ಟಿಕೊಂಡ ದಿನ ಇವರು ಮತ್ತೆ ಬಂಡೆಯ ಕಡೆ ತೇಲುತ್ತಾರೆ. ನಾವು ತೋರಿಸಿದ್ದು ಹೊಸ ಇಂಜಿನ್ ಒಳ್ಳೆಯ ನೀರಿನಲ್ಲಿ ಓಡುತ್ತದೆ ಎಂಬುದನ್ನು ಮಾತ್ರ.

"ನಾಳೆ ಹೇಳ್ತೀನಿ" ಎಂದೆ. ಆ ಮನುಷ್ಯ ತಲೆಯಾಡಿಸಿ ಕೈಯಲ್ಲಿದ್ದ ಮೈಸೂರ್ ಪಾಕನ್ನು ತಿನ್ನದೆ ಕಾಗದದಲ್ಲಿ ಸುತ್ತಿಕೊಂಡರು.

ಮರುದಿನ ಮಾಲೀಕರು ಬರುವ ಹೊತ್ತಿಗೆ ನಾನು ಇಂಜಿನ್ನನ್ನು ಡೈನೋದಿಂದ ಇಳಿಸಿರಲಿಲ್ಲ. ಇಂಟರ್‌ಕೂಲರಿಗೆ ಹೋಗುವ ನೀರಿನ ದಾರಿಯಲ್ಲಿ ಒಂದು ವಾಲ್ವ್ ಕೂರಿಸಿದ್ದೆ.

"ಅರ್ಧ ನೀರು ಕಟ್ ಮಾಡಿ ಓಡಿಸ್ತೀನಿ ಅಣ್ಣ" ಎಂದಾಗ ಯಜಮಾನರಿಗೆ ತಲೆ ಕೆಟ್ಟಿತು.

"ಪಾಸಾಗಿರೋ ಇಂಜಿನ್ನ ಫೇಲ್ ಮಾಡಾಕೆ ಹೊಂಟಿದೀಯಲ್ಲ, ಏನಮ್ಮ ನಿಂದು? ಮಾಲೀಕ್ರು ಬಾಗ್ಲಲ್ಲವ್ರೆ."

"ಅವರ ಮುಂದೇನೇ ಮಾಡ್ತೀನಿ. ಇಲ್ಲಿ ಫೇಲಾದ್ರೆ ನಮಗೆ ಒಂದು ಪಿಸ್ಟನ್ ಹೋಗುತ್ತೆ. ಅಲ್ಲಿ ಫೇಲಾದ್ರೆ ಇವರು ಹೋಗ್ತಾರೆ."

ಯಜಮಾನರು ಬೋಟಿನವರನ್ನೊಮ್ಮೆ ನೋಡಿದರು. ಆಮೇಲೆ ತಾವೇ ಹೋಗಿ ವಾಲ್ವನ್ನು ಅರ್ಧ ತಿರುಗಿಸಿ ಬಂದರು.

ಇಂಜಿನ್ ಏಳುನೂರಕ್ಕೆ ಏರಿತು. ಮಾಲೀಕರು ಮುಳ್ಳನ್ನು ನೋಡಿ ಹೆಬ್ಬೆರಳೆತ್ತಿದರು. ಗಾಳಿಯ ಬಿಸಿ ಸರಸರನೆ ಮೇಲೆ ಹತ್ತತೊಡಗಿತು. ಚಿಟಪಟ ಶುರುವಾದ ಕೂಡಲೇ ನನ್ನ ಇಯರ್‌ಮಫ್ ತೆಗೆದು ಅವರ ಕಿವಿಗೆ ಹಾಕಿ, ಒಂದೆರಡು ಉಸಿರಿನಷ್ಟು ಹೊತ್ತು ಬಿಟ್ಟು, ಥ್ರಾಟಲ್ ಇಳಿಸಿದೆ.

"ಏನಿದು ಸಿಡೀತಿರೋದು?" ಎಂದರು ಅವರು.

"ನಿಮ್ಮ ಪಿಸ್ಟನ್ ಸಾರ್."

ಸೂಪರ್‌ಚಾರ್ಜರನ್ನು ಬೆಲ್ಟಿನಿಂದ ತಿರುಗಿಸುವ ಪುಲ್ಲಿಯನ್ನು ಸ್ವಲ್ಪ ದೊಡ್ಡದು ಮಾಡಿದರೆ ಅದು ನಿಧಾನವಾಗಿ ತಿರುಗುತ್ತದೆ, ಗಾಳಿಯ ಒತ್ತಡವೂ ಬಿಸಿಯೂ ಇಳಿಯುತ್ತವೆ ಎಂದು ವಿವರಿಸಿದೆ. ಶಕ್ತಿಯೂ ಇಳಿಯುತ್ತದೆ, ಏಳುನೂರು ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಒಪ್ಪಲಿಲ್ಲ. ಬೇಕಾದರೆ ತಿಂಗಳಿಗೊಮ್ಮೆ ಕ್ಲೀನ್ ಮಾಡಿಸುತ್ತೇನೆ, ಅಂಕಿ ಮಾತ್ರ ಇಳಿಸಬೇಡಿ ಎಂದು ಹಟ ಹಿಡಿದರು. ಬೋಟಿನವರು ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದವರು ಮುಂದೆ ಬಂದರು.

"ಮೇಡಂ, ನಂಗೂ ಒಮ್ಮೆ ಕೇಳಿಸಿ" ಎಂದರು.

ಮತ್ತೆ ಥ್ರಾಟಲ್ ಎಳೆದೆ. ಅವರು ಕಣ್ಣು ಮುಚ್ಚಿ ಕೇಳಿದರು. ಇಂಜಿನ್ ನಿಂತ ಮೇಲೂ ಇಯರ್‌ಮಫ್ ತೆಗೆಯಲಿಲ್ಲ.

"ಮೂರು ಸಲವೂ ನನ್ನ ಕಾಲ ಕೆಳಗೆ ಈ ಶಬ್ದ ಇತ್ತು ಸಾರ್. ನಂಗೆ ಕೇಳ್ಲಿಲ್ಲ ಅಷ್ಟೇ. ಈಗ ಕೇಳಿ ಆಯ್ತು. ಇನ್ನು ಇದೇ ಪುಲ್ಲಿ ಹಾಕಿ ಕೊಟ್ರೆ ನಾನು ಹತ್ತುದಿಲ್ಲ. ಬೇರೆಯವರನ್ನು ನೋಡ್ಕೊಳ್ಳಿ."

ಕೆಲಸ ಹೋಗುವ ಭಯದಲ್ಲಿ ತಿಂಗಳುಗಟ್ಟಲೆ ಇದ್ದ ಮನುಷ್ಯ ಕೆಲಸ ಬಿಡುತ್ತೇನೆ ಎಂದದ್ದು ಕೇಳಿ ಮಾಲೀಕರು ನಿಂತ ಇಂಜಿನ್ನನ್ನೂ ಅವರನ್ನೂ ಒಮ್ಮೆ ನೋಡಿದರು. "ಮಾಡಿ" ಎಂದು ಒಂದೇ ಮಾತು ಹೇಳಿ ಕಾರಿನ ಕಡೆ ಹೋದರು.

ಪ್ಲಗ್ ಬಿಚ್ಚಿ ನೋಡಿದೆವು, ಚುಕ್ಕಿ ಇರಲಿಲ್ಲ, ಪಿಸ್ಟನ್ ಉಳಿದಿತ್ತು. ಅಲ್ಯೂಮಿನಿಯಂ ಗಟ್ಟಿಯಿಂದ ಹೊಸ ಪುಲ್ಲಿಯನ್ನು ಪಕ್ಕದ ಲೇತಿನಲ್ಲಿ ಕಡೆಸಿದೆವು. ಬೆಲ್ಟು ಒಂದು ಅಳತೆ ದೊಡ್ಡದು ಬೇಕಾಯಿತು. ಶಕ್ತಿ ಆರುನೂರ ಚಿಲ್ಲರೆಗೆ ಇಳಿಯಿತು. ಇಂಟರ್‌ಕೂಲರಿಗೆ ಅರ್ಧ ನೀರು ಮಾತ್ರ ಬಿಟ್ಟು, ಉರಿಬಿಸಿಲಿನಲ್ಲಿ, ಫ್ಯಾನುಗಳನ್ನೂ ಆಫ್ ಮಾಡಿ ಪೂರ್ತಿ ಗಂಟೆ ಓಡಿಸಿದೆ. ಒಂದು ಚಿಟಪಟವೂ ಇಲ್ಲ. ಗಂಟೆ ಮುಗಿದರೂ ಕೈ ಥ್ರಾಟಲ್ ಬಿಡಲಿಲ್ಲ. ಯಜಮಾನರು ಗಾಜು ತಟ್ಟಿ "ಸಾಕು ಬುಡಮ್ಮ, ಪೆಟ್ರೋಲ್ ನಿಮ್ಮಪ್ಪ ಹಾಕುಸ್ತಾರಾ?" ಎಂದು ಕೂಗಿದಾಗ ಇಳಿಸಿದೆ.

ಇಂಜಿನ್ನನ್ನು ಬೋಟಿಗೆ ಕೂರಿಸುವಾಗ ನಾನೂ ಕರಾವಳಿಗೆ ಹೋದೆ. ಸಮುದ್ರವನ್ನು ದಡದಿಂದ ನೋಡಿದ್ದವಳು ಅದರ ಮೇಲೆ ಹೋದದ್ದು ಅದೇ ಮೊದಲು. ಲೈಫ್ ಜಾಕೆಟ್ ಬಿಗಿಸಿಕೊಂಡು ಕೂತೆ, ಎರಡು ಕೈಯಲ್ಲೂ ಕಂಬಿ ಹಿಡಿದೆ. ಬೋಟು ನೀರಿನ ಮೇಲೆ ಹಾರುತ್ತಿತ್ತು. ನನ್ನ ಕಣ್ಣು ಗಾಳಿಯ ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು. ಅದು ಕೂತಲ್ಲಿಂದ ಏಳಲಿಲ್ಲ. ನಾನು ಖುಷಿಯಿಂದ ಕಿರುಚುತ್ತಿದ್ದೆ ಎಂದು ಆಮೇಲೆ ಬೋಟಿನವರೇ ಹೇಳಿದರು.

ದಡ ಸಣ್ಣ ಗೆರೆಯಾಗಿ, ಆಮೇಲೆ ಅದೂ ಕಾಣದಾಯಿತು. ಅಷ್ಟರಲ್ಲಿ ಅವರು ಥ್ರಾಟಲ್ ಇಳಿಸಿದರು. ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದರು.

ಎಂಥ ನಿಶ್ಶಬ್ದ. ಬೋಟಿನ ಪಕ್ಕೆಗೆ ನೀರು ತಟ್ಟುವ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಎದ್ದು ನಿಂತೆ. "ಯಾಕೆ ಆಫ್ ಮಾಡಿದ್ರಿ? ಏನಾಯ್ತು?"

"ಎಂತದೂ ಆಗ್ಲಿಲ್ಲ ಮೇಡಂ" ಎಂದು ಅವರು ಸೀಟಿನ ಕೆಳಗಿನಿಂದ ಬುತ್ತಿ ಡಬ್ಬಿ ತೆಗೆದರು. ನೀರ್ದೋಸೆ ಮತ್ತು ಚಟ್ನಿ ಇತ್ತು. ಅರ್ಧ ನನಗೆ ಕೊಟ್ಟರು. "ಮೊದಲ ಸಲ ಇದು ನಿಂತ ದಿನದಿಂದ ನಾನು ಹೊರಗೆ ಬಂದು ಇದನ್ನು ಆಫ್ ಮಾಡಿದ್ದೇ ಇಲ್ಲ. ಆಫ್ ಮಾಡಿದ್ರೆ ಪುನಃ ಏಳ್ತದಾ ಇಲ್ವಾ ಅಂತ ಹೆದರಿಕೆ. ಊಟವೂ ನಿಂತುಕೊಂಡೇ, ಒಂದು ಕೈಯಲ್ಲಿ."

ಅಲೆಗಳು ಬೋಟನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದವು. ಅವರು ಕಾಲು ಚಾಚಿ ಕೂತು, ಎರಡು ಕೈಯಲ್ಲೂ ದೋಸೆ ಹರಿದು, ನಿಧಾನವಾಗಿ ತಿಂದು ಮುಗಿಸಿದರು. ನಾನು ನನ್ನ ಪಾಲಿನ ದೋಸೆ ಹಿಡಿದುಕೊಂಡು ಕೀಯನ್ನೇ ನೋಡುತ್ತಿದ್ದೆ. ಅವರು ಸಮುದ್ರದ ನೀರಿನಲ್ಲಿ ಕೈ ತೊಳೆದರು, ಪ್ಯಾಂಟಿಗೆ ಒರೆಸಿಕೊಂಡರು, ಕೀ ತಿರುಗಿಸಿದರು.

ಇಂಜಿನ್ ಮೊದಲ ಸುತ್ತಿಗೇ ಎದ್ದಿತು. ಅವರು ನನ್ನ ಕಡೆ ನೋಡಲಿಲ್ಲ. ಬೋಟನ್ನು ದಡದ ಕಡೆ ತಿರುಗಿಸಲೂ ಇಲ್ಲ, ಇನ್ನಷ್ಟು ದೂರ ಹೋಗೋಣ ಎಂದರು.